ಮೂರನೆಯ ಪ್ಯಾರಾ

ಚೀನಾದಿಂದ ಬಂದ ಸಪ್ನಾಳ ಧ್ವನಿ ಇನ್ನೂ ಫೋನಿನಲ್ಲೇ ಇತ್ತು. ಎರಡು ನಿಮಿಷ ನಲವತ್ತು ಸೆಕೆಂಡು. ಮಾರ್ತಾಂಡ ಅದನ್ನು ಅಳಿಸಿರಲಿಲ್ಲ, ಅದಕ್ಕೆ ಉತ್ತರವನ್ನೂ ಕೊಟ್ಟಿರಲಿಲ್ಲ. ಗ್ಯಾಸ್ ಸಿಲಿಂಡರು ಬುಕ್ಕಾಗಿದೆ ಎಂಬ ಸಂದೇಶಕ್ಕೂ ನಾಳೆ ಸೊಸೈಟಿಯಲ್ಲಿ ನೀರು ಬರುವುದಿಲ್ಲ ಎಂಬ ಸೂಚನೆಗೂ ನಡುವೆ ಅದು ಒಂಬತ್ತು ದಿನಗಳಿಂದ ಕೂತಿತ್ತು. ಪುಣೆಯ ಸ್ವಾರಗೇಟಿನಲ್ಲಿ ಹಡಪಸರದ ಬಸ್ಸು ಹತ್ತಿ, ಕೂಡಲು ಜಾಗವಿಲ್ಲದೆ ಕಂಬಿ ಹಿಡಿದು ನಿಂತಾಗ ಅದನ್ನು ತೆಗೆದು ಕೇಳುವ ಅಗತ್ಯವೂ ಅವನಿಗೆ ಇರಲಿಲ್ಲ. ಎಲ್ಲಿ ಅವಳು ಮೂಗು ಏರಿಸುತ್ತಾಳೆ, ಎಲ್ಲಿ ಹಿಂದೆ ಯಾರೋ ಬಾಗಿಲು ಹಾಕಿಕೊಂಡ ಸದ್ದು ಬರುತ್ತದೆ, ಎಲ್ಲಿ ಸುಮ್ಮನಾಗುತ್ತಾಳೆ, ಎಲ್ಲವೂ ಬಾಯಿಪಾಠವಾಗಿತ್ತು. ಐವತ್ತನಾಲ್ಕು ವರ್ಷದ ಮನುಷ್ಯನಿಗೆ ನಿನ್ನೆ ಮಧ್ಯಾಹ್ನ ಉಂಡದ್ದು ನೆನಪಿರುವುದಿಲ್ಲ, ಬೇಡವಾದದ್ದು ಮಾತ್ರ ಅಕ್ಷರ ಬಿಡದೆ ನೆನಪಿರುತ್ತದೆ.

"ಕಾಕಾ, ನೀವು ಕೇಳಿದ್ದಕ್ಕೆಲ್ಲಾ ಹೇಳ್ತೀನಿ, ಆದ್ರ ಮೊದಲ ನಂದಿಷ್ಟು ಕೇಳ್ರಿ," ಎಂದು ಅದು ಶುರುವಾಗುತ್ತಿತ್ತು. "ನೀವು ಕೇಳಿದ ಶೋಕ್ಕ ನಾ ಮನಸಿಂದ ಹೋಗಿಲ್ಲ. ಹಾಸ್ಟೆಲಿನ ವಾರ್ಡನ್ ಬಾಯಿ ಬಾಗಲ ಬಡದು ಎಬ್ಬಿಸಿ ಬಸ್ಸಿನ್ಯಾಗ ಕುಂಡ್ರಿಸಿದ್ಳು, ಫೋಟೋದಾಗ ಎಲ್ಲಾರೂ ಇರಬೇಕಂತ. ಹದಿನೈದ ದಿನ ಆತು ಕಾಕಾ, ನಾ ಕ್ಲಾಸಿಗೆ ಹೋಗಿಲ್ಲ. ರಾತ್ರಿ ನಿದ್ದಿ ಬರಂಗಿಲ್ಲ, ಹಗಲೆಲ್ಲಾ ಹಾಸಗ್ಯಾಗೇ ಬಿದ್ದಿರ್ತೀನಿ. ಉಂಡದ್ದು ಹೊಟ್ಟ್ಯಾಗ ನಿಲ್ಲಂಗಿಲ್ಲ. ಹೆಣ ಕೊಯ್ಯೋ ಖೋಲಿಗೆ ಹೋದ್ರ ಕೈ ನಡಗ್ತಾವ. ಇದು ನನ್ನ ಕೈಲಿಂದ ಆಗಂಗಿಲ್ಲ, ಮನಿಗೆ ಬರಬೇಕಾಗ್ಯಾದ. ಅಪ್ಪಗ ನೀವು ಹೇಳ್ರಿ. ನಾ ಹೇಳ್ಲಾಕ ಹೋದ್ರ ಅವ ಹೂಂ ಹೂಂ ಅಂದು ಫೋನ್ ಅವ್ವನ ಕೈಗೆ ಕೊಡ್ತಾನ. ನೀವು ಓದಿದವ್ರು, ನಿಮ್ಮ ಮಾತು ಕೇಳ್ತಾನ." ಆಮೇಲೆ ಬಾಗಿಲಿನ ಸದ್ದು. ಆಮೇಲೆ, ಕೇಳಿದ್ದಕ್ಕೆ ಉತ್ತರ ಕೊಡುವ ಹುಡುಗಿಯ ತಗ್ಗಿದ ದನಿ: "ಶೋದಾಗ ಒಬ್ಬಾಂವ ಬಣ್ಣದ ಮುಖವಾಡ ಬದಲಸ್ತಾನ್ರಿ, ಕೈ ಹಿಂಗ ಅನ್ನೋದ್ರಾಗ ಕೆಂಪಿಂದು ಹೋಗಿ ಹಸರು ಬರ್ತದ. ಅವ ಕೆಳಗಿಳದು ನಮ್ಮ ಸಾಲಿಗೂ ಬಂದ. ಎಲ್ಲಾರೂ ಚಪ್ಪಾಳಿ ಬಡದ್ರು. ಹತ್ರ ಬಂದಾಗ ನೋಡ್ದೆ, ಕುತ್ತಿಗಿ ತುಂಬಾ ಬೆವರು. ಭಾಳ ದಣದಿದ್ದ ಅನಸ್ತದ."

ಇಂಥದನ್ನೆಲ್ಲ ಕೇಳುವುದು ಮಾರ್ತಾಂಡನ ಹೊಟ್ಟೆಪಾಡು. ಡಾಕ್ಟರಿಕೆ ಓದಲು ಹುಡುಗರನ್ನು ಚೀನಾಕ್ಕೆ ಕಳಿಸುವ ಕಚೇರಿ ಅದು, ಹಡಪಸರದ ಗಾಡಿತಳದ ಹತ್ತಿರ ಮೂರನೆಯ ಮಹಡಿಯಲ್ಲಿ. ಹೋದ ಹುಡುಗರ 'ಅನುಭವ' ಪ್ರತಿ ಗುರುವಾರ ಒಂದು ತಯಾರಾಗಬೇಕು. ಮರಾಠಿಯದೂ ಕನ್ನಡದ್ದೂ ಅವನ ಪಾಲು. ಅದಕ್ಕೊಂದು ಪದ್ಧತಿ ಇತ್ತು. ಹುಡುಗರಿಗೆ ಐದು ಪ್ರಶ್ನೆ ಕಳಿಸುವುದು, ಬಂದ ಉತ್ತರದಿಂದ ಐದು ಪ್ಯಾರಾ ಮಾಡುವುದು. ಮೊದಲನೆಯದರಲ್ಲಿ ಹವೆ, ಎರಡನೆಯದರಲ್ಲಿ ಏನಾದರೊಂದು ಮಜಾ, ಮೂರನೆಯದರಲ್ಲಿ ಮನೆಯ ನೆನಪು, ನಾಲ್ಕನೆಯದರಲ್ಲಿ ಗುರುಗಳು, ಐದನೆಯದರಲ್ಲಿ 'ನೀವೂ ಬನ್ನಿ'. ಹುಡುಗರು ಕೊಡುವುದು ಬರೀ ಮೂಳೆ, ಮಾಂಸ ಇವನೇ ತುಂಬಬೇಕು. ಚೀನಾವನ್ನು ಅವನು ಕಂಡವನಲ್ಲ, ಪಾಸ್‌ಪೋರ್ಟೂ ಇಲ್ಲ. ಆದರೂ ಚೆಂಗ್ಡು ಊರಿನ ಆ ಸಾಂಸ್ಕೃತಿಕ ಕಾರ್ಯಕ್ರಮವನ್ನು ಫೋನಿನ ತುಣುಕುಗಳಲ್ಲಿ ಹದಿನಾಲ್ಕು ಸಲ ನೋಡಿದ್ದ. ಮೊಳದುದ್ದದ ಕೊಕ್ಕಿನ ಕೆಟಲಿಯನ್ನು ಬೆನ್ನ ಹಿಂದಿನಿಂದ ತಿರುವಿ ಹನಿ ಚೆಲ್ಲದೆ ಚಹಾ ಸುರಿಯುವವನು, ಬರಿಗೈಯ ನೆರಳಿನಲ್ಲಿ ಮೊಲ, ಹದ್ದು, ಜಗಳಗಂಟಿ ಮುದುಕಿ ಎಲ್ಲವನ್ನೂ ಗೋಡೆಯ ಮೇಲೆ ಮೂಡಿಸುವವನು, ಗಂಡನ ತಲೆಯ ಮೇಲೆ ಉರಿಯುವ ದೀಪ ಇಟ್ಟು ಬೆಂಚಿನ ಕೆಳಗೆ ನುಸುಳಿಸುವ ಹೆಂಡತಿ. ಹಾಸಿಗೆಯಿಂದ ಎಬ್ಬಿಸಿ ಒಯ್ದ ಆ ಹುಡುಗಿಗಿಂತ ಇವನೇ ಅದನ್ನು ಹೆಚ್ಚು ಕಣ್ತುಂಬ ನೋಡಿದ್ದ. 'ಚೀನಾದಲ್ಲಿ ನನ್ನದೊಂದು ಮಜಾ ಸಂಜೆ' ಎಂದು ಹೆಸರಿಟ್ಟು, ದೀಪ ಹೊತ್ತ ಗಂಡನ ಪಾಡು ನೋಡಿ ನಾವೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು ಎಂದು ಬರೆದಿದ್ದ. ಬರೆಯುವಾಗ ಅವನಿಗೇ ನಗು ಬಂದಿತ್ತು. ಈಗ ನೆನೆದರೆ ಮೈ ಹಿಡಿಯಾಗುವುದು ಅದೊಂದಕ್ಕೇ.

ಹಾಗೆಂದು ಹೇಳಲೇ ಇಲ್ಲವೆಂದೇನಲ್ಲ. ಆ ಗುರುವಾರವೇ ಲತೇಶನ ಕೋಣೆಗೆ ಹೋಗಿ, ಈ ಹುಡುಗಿಯದು ಯಾಕೋ ಸರಿ ಕಾಣುವುದಿಲ್ಲ ಎಂದಿದ್ದ. ಲತೇಶ ಕಚೇರಿಯ ಮಾಲೀಕ, ಮೂವತ್ತೆರಡರ ಯುವಕ. ಇವನನ್ನು ಕಾಕಾ ಎಂದೇ ಕರೆಯುತ್ತಾನೆ, ಆ ಕರೆಯಲ್ಲಿ ಗೌರವ ಎಷ್ಟು, ನಿಮ್ಮ ಕಾಲ ಮುಗಿಯಿತು ಎನ್ನುವುದು ಎಷ್ಟು ಎಂದು ಮಾರ್ತಾಂಡನಿಗೆ ಬಗೆಹರಿದಿಲ್ಲ. "ಮೊದಲ ವರ್ಷ ಎಲ್ಲರೂ ಅಳುತ್ತಾರೆ ಕಾಕಾ, ಆಮೇಲೆ ಹೊಂದಿಕೊಳ್ಳುತ್ತಾರೆ. ನೀವು ಅದನ್ನು ಸ್ವಲ್ಪ ಗೋಡ ಮಾಡಿ," ಎಂದು ಮರಾಠಿಯಲ್ಲಿ ಹೇಳಿ, ಸಿಹಿ ಎಷ್ಟು ಎಂಬಂತೆ ಎರಡು ಬೆರಳು ಕೂಡಿಸಿ ತೋರಿಸಿದ್ದ. ಮಾರ್ತಾಂಡ ಹಗುರಾಗಿ ಹೊರಬಂದಿದ್ದ. ತಾನು ಹೇಳಿಯಾಯಿತು, ಇನ್ನು ಮೇಲಿನವರು ನೋಡಿಕೊಳ್ಳುತ್ತಾರೆ. ಆದರೆ ಹುಡುಗಿ ಹೇಳು ಎಂದಿದ್ದು ಮೇಲಿನವರಿಗಲ್ಲ, ಅಪ್ಪನಿಗೆ. ಅಪ್ಪನ ನಂಬರು ಕಡತದಲ್ಲಿತ್ತು. ಒಂದು ದಿನ ಅವರು ಕೆಲಸದಲ್ಲಿರುತ್ತಾರೆ ಎಂದುಕೊಂಡ, ಒಂದು ದಿನ ಉಣ್ಣುವ ಹೊತ್ತು ಎಂದುಕೊಂಡ, ಒಂದು ದಿನ ಸೋಮವಾರ ಎಂದಷ್ಟೇ ಅಂದುಕೊಂಡ. ದಣಿವು ಎಂಥ ಒಳ್ಳೆಯ ಮುಸುಕು. ಅದನ್ನು ಎಳೆದುಕೊಂಡರೆ ಹೇಡಿತನ ಹೊರಗೆ ಕಾಣುವುದೇ ಇಲ್ಲ.

ಫುರಸುಂಗಿಗೆ ತಿರುಗುವಲ್ಲಿ ಬಸ್ಸು ನಿಂತೇಬಿಟ್ಟಿತು. ಮುಂದೆ ಸಿಮೆಂಟು ಮಿಕ್ಸರಿನ ಲಾರಿಯೊಂದು ಕೆಟ್ಟು ನಿಂತಿದೆ ಎಂದು ಯಾರೋ ಅಂದರು. ಮೂರನೆಯ ಪ್ಯಾರಾ ಬರೆಯುವಾಗ ಸಪ್ನಾಳ ಸಂದೇಶದಲ್ಲಿ ಮನೆಯ ನೆನಪಿಗೆ ಹಾಕುವಂಥದು ಏನೂ ಇರಲಿಲ್ಲ. ಮನೆಗೆ ಬರಬೇಕು ಎಂಬುದೊಂದನ್ನು ಬಿಟ್ಟರೆ. ಅದನ್ನು ಹಾಕುವಂತಿರಲಿಲ್ಲ. ಆಗ ಅವನು ತನ್ನ ಹತ್ತಿರ ಇದ್ದದ್ದನ್ನು ತೆಗೆದು ಕೊಟ್ಟಿದ್ದ: 'ವೇದಿಕೆಯ ಮೇಲೆ ಡೋಲು ಬಡಿದ ಕೂಡಲೇ, ಚಿಕ್ಕಂದಿನಲ್ಲಿ ಅಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಲಕ್ಷ್ಮೀ ರಸ್ತೆಯಲ್ಲಿ ಗಣಪತಿ ಮೆರವಣಿಗೆ ತೋರಿಸಿದ್ದು ನೆನಪಾಗಿ ಕಣ್ಣು ತುಂಬಿ ಬಂತು.' ಅದು ಅವನ ಮಗಳು ಪ್ರಣೀತಾ. ಆಗ ಅವಳಿಗೆ ನಾಲ್ಕು ವರ್ಷ. ಡೋಲಿನ ಪೆಟ್ಟಿಗೆ ಹೆದರಿ ಇವನ ಹಣೆಯನ್ನು ಎರಡೂ ಅಂಗೈಯಿಂದ ಗಟ್ಟಿಯಾಗಿ ಒತ್ತಿ ಹಿಡಿದಿದ್ದಳು, ಅಂಗೈ ಬೆವೆತು ಅಂಟುತ್ತಿತ್ತು, ಹಿಮ್ಮಡಿಯಿಂದ ಎದೆಗೆ ಒದೆಯುತ್ತಿದ್ದಳು. ಆಮೇಲಿನ ಇಪ್ಪತ್ತು ವರ್ಷಗಳಲ್ಲಿ ಯಾರೂ ಅವನನ್ನು ಅಷ್ಟು ನಂಬಿ ಹಿಡಿದುಕೊಂಡಿರಲಿಲ್ಲ. ಈಗ ಪ್ರಣೀತಾ ಪಿಂಪ್ರಿಯಲ್ಲಿ ಕೆಲಸ ಮಾಡುತ್ತ ಗೆಳತಿಯರೊಡನೆ ಅಲ್ಲೇ ಇರುತ್ತಾಳೆ. ಎರಡು ವಾರಕ್ಕೊಮ್ಮೆ ಬಂದು ತಾಯಿಯ ಹತ್ತಿರ ಮಾತಾಡಿ ಹೋಗುತ್ತಾಳೆ. ಕಳೆದ ದೀಪಾವಳಿಗೆ ಬಂದಾಗ ಅವನು ಆ ಮೆರವಣಿಗೆಯ ಸುದ್ದಿ ತೆಗೆದಿದ್ದ. ಅವಳು ಫೋನಿನಿಂದ ತಲೆಯೆತ್ತಿ, "ನಂಗ ನೆನಪಿಲ್ಲ ಪಪ್ಪಾ," ಎಂದಿದ್ದಳು, ಸುಳ್ಳಾಡುವ ಹುಡುಗಿಯಲ್ಲ. ಹಾಗಾದರೆ ಅದು ಯಾರದು? ಇಬ್ಬರ ನಡುವಿನ ಸಂಗತಿಯನ್ನು ಒಬ್ಬನೇ ನೆನಪಿಟ್ಟುಕೊಂಡರೆ ಅದು ಹಳೆಯ ಮನೆಯ ಕೀಲಿಯ ಹಾಗೆ, ಎಸೆಯಲೂ ಆಗದು, ಯಾವ ಬಾಗಿಲಿಗೂ ಬಾರದು. ಸುಮ್ಮನೆ ಬಿದ್ದದ್ದು ಯಾರಿಗಾದರೂ ಉಪಯೋಗವಾಗಲಿ ಎಂದು ಕೊಟ್ಟಿದ್ದ.

ಕಚೇರಿಯ ಬಾಗಿಲು ತಳ್ಳುವಷ್ಟರಲ್ಲಿ ಲತೇಶ ಎದುರಾದ. "ಕಾಕಾ, ತುಮಚೇ ಲೋಕ ಆಲೇತ," ಎಂದ, ಅಷ್ಟೇ. ನಿಮ್ಮ ಜನ ಬಂದಿದ್ದಾರೆ. ಸ್ವಾಗತದ ಕೋಣೆಯ ಹಸಿರು ಸೋಫಾದ ತುದಿಯಲ್ಲಿ, ಹೊಲಸಾದೀತು ಎಂಬಂತೆ ಅಂಚಿಗೆ ಕೂತ ಗಂಡಹೆಂಡತಿ. ಬಿಳಿ ಅಂಗಿಯ ಮಡಿಕೆ ಇನ್ನೂ ಬಿಚ್ಚದ, ಉಗುರಿನ ಸಂದಿಗಳಲ್ಲಿ ಸಿಮೆಂಟು ಕೂತ ಗಂಡಸು; ಮೊಣಕಾಲ ಮೇಲೆ ಸ್ಟೀಲಿನ ಡಬ್ಬಿ ಇಟ್ಟುಕೊಂಡ ಹೆಂಗಸು. ನಿಮ್ಮ ಜನ ಎಂದ ಮಾತು ಮಾರ್ತಾಂಡನಿಗೆ ಚುಚ್ಚಿತು. ತಾನು ಧಾರವಾಡದ ಮಾಸ್ತರರ ಮಗ, ಇವರು ಯಾದಗಿರಿಯ ಕಡೆಯಿಂದ ಬಂದ, ಕಟ್ಟಡದ ಸೆಂಟ್ರಿಂಗ್ ಕೆಲಸದವರು. ಲತೇಶನ ಕಣ್ಣಿಗೆ ಎರಡೂ ಒಂದೇ. ಹೀಗೆ ಚುಚ್ಚಿಸಿಕೊಂಡಿದ್ದಕ್ಕೆ ಮರುಕ್ಷಣವೇ ನಾಚಿಕೆಯಾಯಿತು. ಆ ಹುಡುಗಿಯೂ ಅದನ್ನೇ ನಂಬಿದ್ದಳಲ್ಲ, ನಮ್ಮವರು ಎಂದು. ಅವರು ಸಪ್ನಾಳ ತಂದೆತಾಯಿ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಹುಡುಗಿಯ ಅಗಲ ಹಣೆ ತಂದೆಯದು. ಒಂಬತ್ತು ದಿನ ತಾನು ಮಾಡದ ಫೋನು ತಾನೇ ಎದ್ದು ಬಂದು ಸೋಫಾದ ಮೇಲೆ ಕೂತಿದೆ ಅನ್ನಿಸಿತು.

"ನಾ ಭೀಮಣ್ಣ ಅಂತರಿ, ಸಪ್ನಾನ ತಂದಿ. ಈಕಿ ಚಂದಮ್ಮ," ಎಂದು ಆ ಮನುಷ್ಯ ಎದ್ದು ನಿಂತು ಕೈ ಮುಗಿದ. "ಇವತ್ತು ಅಮಾಸಿ ನೋಡ್ರಿ, ಸೈಟಿಗೆ ಸೂಟಿ. ಅದಕ್ಕ ಬಂದ್ವಿ."

ಪುಣೆಯಲ್ಲಿ ಅಮಾವಾಸ್ಯೆಗೆ ಕಟ್ಟಡದ ಕೆಲಸ ನಡೆಯುವುದಿಲ್ಲ. ಭಾನುವಾರದ ರಜೆ ಬಿಟ್ಟಾರು, ಅಮಾಸಿಯದು ಬಿಡುವುದಿಲ್ಲ. ಅದು ಮಾರ್ತಾಂಡನಿಗೂ ಗೊತ್ತು. ಇವತ್ತು ಅಮಾಸಿ ಎಂದು ನೆನಪಾಗಿದ್ದರೆ ತಾನೂ ರಜೆ ಹಾಕಬಹುದಿತ್ತು ಎಂಬ ಯೋಚನೆಯೂ ಬಂದು ಹೋಯಿತು. ತನ್ನ ಮೇಜಿನ ಹತ್ತಿರ ಕರೆದೊಯ್ದು, ಕೈ ಮುರಿದ ಕುರ್ಚಿಯನ್ನು ತನ್ನ ಕಡೆಗೆ ಎಳೆದುಕೊಂಡು ಅವರಿಗೆ ಒಳ್ಳೆಯ ಕುರ್ಚಿಗಳನ್ನು ಕೊಟ್ಟ. ನಾಲ್ಕು ಸಲ ಕೂಡ್ರಿ ಎಂದ ಮೇಲೆ ಕೂತರು. ಭೀಮಣ್ಣ ಪ್ಲಾಸ್ಟಿಕ್ಕಿನ ಚೀಲದಿಂದ ಮಡಿಸಿದ ಕಾಗದವೊಂದನ್ನು ತೆಗೆದು ಮೇಜಿನ ಮೇಲೆ ಬಿಚ್ಚಿ, ಅಂಗೈಯಿಂದ ನೀವಿ ಸಪಾಟು ಮಾಡಿದ. ಲತೇಶ ಬಣ್ಣದಲ್ಲಿ ಅಚ್ಚು ಹಾಕಿಸಿ ಮಾಂಜರಿಯ ಕೂಲಿಕಾರರ ವಸತಿಗಳಲ್ಲಿ ಹಂಚಿಸಿದ ಕರಪತ್ರ. ಮೇಲೆ ಶೋದಲ್ಲಿ ಎಲ್ಲರ ನಡುವೆ ನಿಂತ ಸಪ್ನಾಳ ಫೋಟೋ, ಕೆಳಗೆ ಐದು ಪ್ಯಾರಾ.

"ನಾಕನೇತ್ತ ಓದೀನ್ರಿ ನಾ, ಅಕ್ಷರ ಕೂಡಿಸಿ ಓದ್ತೀನಿ," ಎಂದ ಭೀಮಣ್ಣ. "ದಿನಕ್ಕಿಷ್ಟು ಓದಿದೆ. ಆ ದೀಪದ್ದು, ಚಹಾದ್ದು ಎಲ್ಲಾ ತಿಳೀತು. ಇಲ್ಲಿಗೆ ಬಂದು ನಿಂತೆ ನೋಡ್ರಿ." ಒಡೆದ ಉಗುರಿನ ಬೆರಳು ಮೂರನೆಯ ಪ್ಯಾರಾದ ಮೇಲೆ ಕೂತಿತು. "ಅಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಅಂತ ಬರದಾಳ. ಸಾಹೇಬ್ರ, ಆಕಿ ಹುಟ್ಟಿ ಎಂಟು ತಿಂಗಳಿಗೆ ನಾವು ದುಡೀಲಾಕ ಇಲ್ಲಿಗೆ ಬಂದ್ವಿ. ಆಕಿ ಊರಾಗ ನಮ್ಮವ್ವನ ಹಂತೇಲಿ ಬೆಳದಾಳ. ಎಂಟು ವರ್ಷದಾಕಿ ಆದ ಮ್ಯಾಲೆ ಇಲ್ಲಿ ಸಾಲಿಗೆ ಹಾಕಿದ್ವಿ. ಬಂದಾಗ ನನಗ ಮಾಮಾ ಅಂದಿದ್ಳು, ಗುರುತಾ ಹಿಡಿಲಿಲ್ಲ. ಹೆಗಲ ಮ್ಯಾಲ ನಾ ಯಾವಾಗ ಕುಂಡ್ರಿಸಿದೆ ಅಂತ ಮೂರು ದಿನ ಸ್ಲ್ಯಾಬಿನ ಮ್ಯಾಲ ನಿಂತು ಅದ್ನೇ ವಿಚಾರ ಮಾಡೀನಿ. ಮೊದಲ ಅನಸ್ತು, ಇಲ್ಲ, ನಾ ಎತ್ತೇ ಇಲ್ಲ. ಎತ್ತಬೇಕಾಗಿತ್ತು, ಎತ್ತಲಿಲ್ಲ ಅಂತ ಅತ್ತೆ. ಸುಳ್ಳ್ಯಾಕ ಹೇಳ್ಲಿ."

ಚಂದಮ್ಮ ಡಬ್ಬಿಯ ಮುಚ್ಚಳದ ಮೇಲೆ ಬೆರಳಾಡಿಸುತ್ತ, "ಎತ್ತಿಲ್ಲರಿ ಇವ್ರು," ಎಂದಳು, ಸಮಾಧಾನದ ದನಿಯಲ್ಲಿ.

"ಎತ್ತೀನಿ!" ಭೀಮಣ್ಣ ಮಗುವಿನಂತೆ ತಿರುಗಿಬಿದ್ದ. "ಈಕಿಗೆ ನೆನಪಿಲ್ಲರಿ. ನಾಕನೇ ದಿನ ನನಗ ನೆನಪಾತು. ಆ ವರ್ಷ ಗಣಪತಿ ಕಳಸೂ ದಿನ ಈಕಿ ಜ್ವರಾ ಬಂದು ಮಲಗಿದ್ಳು. ನಾ, ಸಪ್ನಾ ಇಬ್ರೇ ಹೋಗಿದ್ವಿ. ಗದ್ದಲಾ ಅಂದ್ರ ಗದ್ದಲಾ. ಅಪ್ಪಾ, ಗಣಪತಿ ಕಾಣವಲ್ದು ಅಂದ್ಳು. ಎಂಟು ವರ್ಷದ ಪೋರಿ, ಭಾರ ಇದ್ಳು, ಆದ್ರೂ ಎತ್ತಿದೆ. ಹಣಿ ಹಿಂಗ ಹಿಡಕೊಂಡಿದ್ಳು." ಅವನು ತನ್ನ ಎರಡೂ ಅಂಗೈಗಳನ್ನು ಹಣೆಗೆ ಒತ್ತಿಕೊಂಡು ತೋರಿಸಿದ.

ಮಾರ್ತಾಂಡ ಆ ಕೈಗಳನ್ನೇ ನೋಡಿದ. ಹಣೆಯ ಮಾತನ್ನು ಅವನು ಬರೆದಿರಲಿಲ್ಲ. ಅಂಗೈ, ಬೆವರು, ಒದೆತ ಯಾವುದನ್ನೂ ಬರೆದಿರಲಿಲ್ಲ. ಬರೆದದ್ದು ಬರೀ ಹೆಗಲು. ಹೆಗಲ ಮೇಲೆ ಕೂತ ಮಗು ಹಣೆ ಹಿಡಿಯದೆ ಇನ್ನೇನು ಹಿಡಿದೀತು ಎಂದು ಬುದ್ಧಿ ಹೇಳಿತು. ಆದರೂ ತನ್ನ ಮನೆಯ ಕಪಾಟಿನಿಂದ ಯಾರೋ ಅಂಗಿ ತೆಗೆದು ತೊಟ್ಟುಕೊಂಡು ಎದುರಿಗೆ ಕೂತ ಹಾಗಾಯಿತು, ಅದೂ ಆ ಮನುಷ್ಯನಿಗೆ ಅಳತೆ ಸರಿಯಾಗಿ ಹೊಂದಿಕೊಂಡ ಹಾಗೆ. ಇದು ಸುಳ್ಳು ಎನ್ನಬೇಕು, ಈಗಲೇ. ಇದನ್ನು ಬರೆದವನು ನಾನು, ನಿಮ್ಮ ಮಗಳು ಬರೆದದ್ದಲ್ಲ, ಅವಳು ಹೇಳಿದ್ದು ಬೇರೆ. ಮಾತು ನಾಲಿಗೆಯ ತುದಿಗೆ ಬಂದೇ ಬಂತು. "ಭೀಮಣ್ಣಾ, ಸಪ್ನಾಂದು ಒಂದು ವಿಷಯ ಮಾತಾಡೋದದ," ಎಂದ. ತನ್ನ ದನಿ ತನಗೇ ದೊಡ್ಡದಾಗಿ ಕೇಳಿಸಿತು.

"ಮಾತಾಡ್ರಿ ಸಾಹೇಬ್ರ, ಅದಕ್ಕೇ ಬಂದೀನಿ. ನಾ ಆಕಿಗೆ ಏನೂ ಮಾಡಿಲ್ಲ, ಬರೇ ಬೈದೀನಿ, ಓದು ಓದು ಅಂದೀನಿ ಅಂತ ತಿಳಿದಿದ್ದೆ. ಅಷ್ಟು ದೂರ ಹೋಗಿ, ಅಷ್ಟು ಚಂದಾನ್ನ ಆಟ ನೋಡ್ತಾ ಕುಂತು, ಆಕಿಗೆ ನನ್ನ ಹೆಗಲಾ ನೆನಪಾತಲ್ರಿ." ಅವನು ಅಂಗಿಯ ತೋಳಿನಿಂದ ಕಣ್ಣೊತ್ತಿಕೊಂಡ. "ಸತ್ರೂ ಚಿಂತಿಲ್ಲ ನನಗ ಇನ್ನ."

ಮಾರ್ತಾಂಡ ನೀರಿನ ಬಾಟಲಿ ಮುಂದಕ್ಕೆ ಸರಿಸಿದ. ಚಂದಮ್ಮ ಮಾತ್ರ ಕಾಗದವನ್ನು ತನ್ನ ಕಡೆ ತಿರುಗಿಸಿಕೊಂಡು ಅಕ್ಷರ ಬಿಟ್ಟು ಫೋಟೋವನ್ನೇ ನೋಡುತ್ತಿದ್ದಳು. ಅವಳಿಗೆ ಓದಲು ಬಾರದು; ಬಾರದವರು ಚಿತ್ರವನ್ನು ಬಿಡಿಬಿಡಿಯಾಗಿ ನೋಡುತ್ತಾರೆ. "ಸರ್, ಮಂದಿ ಎಲ್ಲಾ ಕೈ ಎತ್ಯಾರ," ಎಂದಳು. "ಈಕಿ ನೋಡ್ರಿ, ಮುಷ್ಟಿ ಬಿಗಿ ಹಿಡದಾಳ. ಸಣ್ಣಾಕಿದ್ದಾಗ ಸೂಜಿ ಮಾಡಿಸೂ ಮುಂದ ಹಿಂಗ ಹಿಡೀತಿದ್ಳು. ಆಕಿ ಅಲ್ಲಿ ಆರಾಮ ಅದಾಳೇನ್ರಿ? ನೀವು ಮಾತಾಡೀರಲ್ಲ, ನಿಮಗ ಗೊತ್ತಿರ್ತದ."

ಇದಕ್ಕಿಂತ ಅಗಲವಾಗಿ ಯಾರೂ ಬಾಗಿಲು ತೆರೆದು ಕೊಡಲಾರರು. ಮಾತಾಡಲೂ ಬೇಕಿರಲಿಲ್ಲ, ಇಲ್ಲ ಎಂದು ತಲೆ ಅಲ್ಲಾಡಿಸಿದ್ದರೂ ಸಾಕಿತ್ತು. ಆದರೆ ಗಾಜಿನ ಆಚೆ ಲತೇಶ ಫೋನಿನಲ್ಲಿ ಮಾತಾಡುತ್ತ ಇತ್ತಲೇ ನೋಡುತ್ತಿದ್ದ, ಭೀಮಣ್ಣ ಇನ್ನೂ ಕಣ್ಣೊರೆಸಿಕೊಳ್ಳುತ್ತಿದ್ದ, ಮಾರ್ತಾಂಡನಿಗೆ ಬಸ್ಸಿನಲ್ಲಿ ನಿಂತ ಕಾಲು ನೋಯುತ್ತಿತ್ತು. ಆಗ ಅವನಿಗೊಂದು ಉಪಾಯ ಹೊಳೆಯಿತು, ಮತ್ತು ಹೊಳೆದ ಕೂಡಲೇ ಅದು ಒಳ್ಳೆಯದೆಂದೂ ಅನ್ನಿಸಿತು. ಅವಳೇ ಹೇಳಲಿ. ಅವಳ ಬಾಯಿಂದಲೇ ಬಂದರೆ ಅದಕ್ಕೆ ಬೆಲೆ, ತಾನು ನಡುವೆ ಯಾಕೆ? ಅಲ್ಲಿ ಈಗ ಮಧ್ಯಾಹ್ನ ಎರಡರ ಸುಮಾರು, ಹಾಸಿಗೆಯಲ್ಲೇ ಇರುತ್ತಾಳೆ. "ನಾ ಫೋನ್ ಹಚ್ಚಿ ಕೊಡ್ತೀನ್ರಿ," ಎಂದ. "ನೀವೇ ಕೇಳ್ರಿ."

ಮೂರು ಸಲ ಗಂಟೆ ಆಗುವಷ್ಟರಲ್ಲಿ ಎತ್ತಿದಳು, ಇದಕ್ಕಾಗಿಯೇ ಒಂಬತ್ತು ದಿನ ಫೋನನ್ನು ದಿಂಬಿನ ಕೆಳಗೆ ಇಟ್ಟುಕೊಂಡಿದ್ದವಳ ಹಾಗೆ. "ಕಾಕಾ?" ಮಾರ್ತಾಂಡ ಸ್ಪೀಕರ್ ಹಾಕಿ ಫೋನನ್ನು ಕರಪತ್ರದ ಮೇಲಿಟ್ಟ. "ಸಪ್ನಾ, ನಿಮ್ಮಪ್ಪ, ಅವ್ವ ಇಲ್ಲೇ ನನ್ನ ಮುಂದ ಕೂತಾರವ್ವಾ. ನಿನಗೇನು ಹೇಳೋದದ ಎಲ್ಲಾ ಹೇಳು." ಆಚೆಯಿಂದ ಸಣ್ಣಗೆ, "ಅಪ್ಪಾ… ಕಾಕಾ ಎಲ್ಲಾ ಹೇಳ್ಯಾರೇನು ನಿನಗ?"

"ಹೇಳ್ಯಾರವ್ವಾ, ನಾ ಎಲ್ಲಾ ಓದೀನಿ!" ಭೀಮಣ್ಣ ಫೋನಿನ ಮೇಲೆ ಬಾಗಿದ.

"ಸಿಟ್ಟಿಲ್ಲೇನು ನಿನಗ?"

"ಸಿಟ್ಟ್ಯಾಕ ನನ್ನವ್ವಾ? ನಾಕು ದಿನ ಆತು ಅಳಾಕತ್ತೀನಿ."

ಆಚೆ ಅವಳು ಅತ್ತಳು. ಅಳು ಎಂದರೆ ದುಃಖದ್ದಲ್ಲ. ಜ್ವರ ಇಳಿಯುವಾಗ ಮೈ ಬೆವರುತ್ತದಲ್ಲ, ಹಾಗೆ. ತನ್ನ ಮಾತು ಮುಟ್ಟಿತು, ಅಪ್ಪ ಒಪ್ಪಿದ ಎಂದುಕೊಂಡಿದ್ದಾಳೆ ಎಂದು ಮಾರ್ತಾಂಡನಿಗೆ ಗೊತ್ತಾಯಿತು. ಹತ್ತು ಸೆಕೆಂಡು ಇದ್ದೀತು. ಆ ಹತ್ತು ಸೆಕೆಂಡಿನಲ್ಲಿ ಅವನು ಬಾಯಿ ತೆರೆಯಬಹುದಿತ್ತು. ಅಷ್ಟರಲ್ಲಿ ಭೀಮಣ್ಣ ಹೇಳುತ್ತಿದ್ದ: "ಆ ಹೆಗಲಿಂದು ಬರದೀಯಲ್ಲ, ಗಣಪತಿ ನೋಡಿದ್ದು. ಡೋಲು ಬಡದಾಗ ಅಪ್ಪ ನೆನಪಾದ ಅಂತ. ನಿಮ್ಮವ್ವ ಎತ್ತೇ ಇಲ್ಲ ಅಂತಾಳ. ಎತ್ತೀನಲ್ಲ? ನಿನಗ ನೆನಪದಲ್ಲ? ನೀನೇ ಹೇಳು ಈಕಿಗೆ."

ಅಳು ನಿಂತಿತು. ಫೋನಿನ ಪರದೆಯ ಮೇಲೆ ಸೆಕೆಂಡುಗಳು ಓಡುತ್ತಿದ್ದವು. ಅವಳು ಆ ಕರಪತ್ರವನ್ನು ಕಂಡೇ ಇರಲಿಲ್ಲ, ತನ್ನ ಹೆಸರಿನಲ್ಲಿ ಏನು ಬರೆದಿದೆ ಎನ್ನುವುದೂ ಅವಳಿಗೆ ಗೊತ್ತಿರಲಿಲ್ಲ. ಆದರೆ ಜಾಣ ಹುಡುಗಿ. ಇಲ್ಲದಿದ್ದರೆ ಮಾಂಜರಿಯ ತಗಡಿನ ಮನೆಯಿಂದ ಅಲ್ಲಿಯವರೆಗೆ ಹೇಗೆ ಹೋಗುತ್ತಿದ್ದಳು? ಏನಾಗಿದೆ, ಏನಾಗಿಲ್ಲ, ಅಪ್ಪನ ದನಿ ಯಾಕೆ ಹೀಗೆ ನಡುಗುತ್ತಿದೆ, ಎಲ್ಲವನ್ನೂ ಅವಳು ಆ ಮೌನದಲ್ಲೇ ಕೂಡಿಸಿ ಓದುತ್ತಿರುವುದು ಮಾರ್ತಾಂಡನಿಗೆ ಕೇಳಿಸುವಂತಿತ್ತು.

"ಹೂಂ ಅಪ್ಪಾ," ಎಂದಳು. "ನೆನಪದ."

ಭೀಮಣ್ಣ ಹೆಂಡತಿಯ ಕಡೆ ತಿರುಗಿ, ನೋಡಿದೆಯಾ ಎಂಬಂತೆ ಮೇಜು ಬಡಿದ. ಚಂದಮ್ಮ ಫೋನನ್ನು ಕೈಗೆತ್ತಿಕೊಂಡು ಬಾಯಿಯ ಹತ್ತಿರ ಹಿಡಿದಳು. ಉಣ್ಣುತ್ತೀಯಾ ಎಂದು ಕೇಳಿದಳು, ಹೂಂ ಎಂದಳು ಮಗಳು. ನಿದ್ದೆ ಬರುತ್ತದಾ, ಹೂಂ. ಆಮೇಲೆ, ಯಾರನ್ನೂ ನೋಡದೆ, "ಅಲ್ಲಿ ಇರ್ಲಾಕ ಆಗವಲ್ದಂದ್ರ ಬಂದುಬಿಡು ಸಪ್ನಾ. ಜನ ಏನರ ಅನ್ಲಿ," ಎಂದಳು.

"ಏ, ಈಕಿ ಒಬ್ಬಾಕಿ!" ಭೀಮಣ್ಣ ತುಂಬು ಬಾಯಿಂದ ನಕ್ಕ. "ಅಷ್ಟು ಸಂತೋಷ ಇದ್ದಾಕಿಗೆ ಬಾ ಅಂತಾಳ ನೋಡ್ರಿ." ಅವನು ನಗುವುದು ಆಚೆಗೂ ಕೇಳಿರಬೇಕು. ಅವನ ಮಗಳು ಅಂಥ ನಗುವನ್ನು ಎಷ್ಟು ಸಲ ಕೇಳಿದ್ದಳೋ ಏನೋ.

"ಇಲ್ಲವ್ವ," ಎಂದಳು ಸಪ್ನಾ. "ನಾ ಇಲ್ಲೇ ಆರಾಮ ಅದೀನಿ."

ಹೋಗುವಾಗ ಭೀಮಣ್ಣ ಲತೇಶನ ಗಾಜಿನ ಬಾಗಿಲಿಗೂ ಕೈ ಮುಗಿದು, ಲಿಫ್ಟು ಬೇಡವೆಂದು ಮೆಟ್ಟಿಲಿಳಿಯತೊಡಗಿದ. ಅವನ ಚಪ್ಪಲಿಯ ಸಪ್ಪಳ ಹುಡುಗನ ಸಪ್ಪಳದ ಹಾಗೆ ಚುರುಕಾಗಿತ್ತು. ಚಂದಮ್ಮ ಹಿಂದೆ ಉಳಿದು ಡಬ್ಬಿಯನ್ನು ಮಾರ್ತಾಂಡನ ಕೈಗಿತ್ತಳು. ಶೇಂಗಾ ಹೋಳಿಗೆ, ಅಮಾಸಿಗೆ ಮಾಡಿದ್ದು. ಕೆಳಗಿನ ತಿರುವಿನಲ್ಲಿ ಗಂಡನ ತಲೆ ಮರೆಯಾಗುವತನಕ ಕಾಯ್ದು, "ನಮ್ಮ ಸಪ್ನಾ ಇಷ್ಟೆಲ್ಲಾ ಬರಿಯಾಕಿ ಅಲ್ರಿ," ಎಂದಳು. "ನೀವು ಭಾಳ ಛಲೋ ಬರೀತೀರಿ." ಅಂದು ಅಲ್ಲೇ ನಿಂತಳು. ಬೈಯುವ ಮುಖವಲ್ಲ ಅದು. ಹೇಳುವುದು ಏನಾದರೂ ಇದ್ದರೆ ಹೇಳಿ, ಇಲ್ಲಿ ಅವನಿಲ್ಲ ಎಂದು ಕಾಯುವ ಮುಖ. ಡಬ್ಬಿ ಇನ್ನೂ ಬಿಸಿಯಾಗಿತ್ತು. ಮಾರ್ತಾಂಡ ಅದನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ.

"ಡಬ್ಬಿ ನಾ ಯಾರ ಕೈಲಾದ್ರೂ ಕಳಸ್ತೀನ್ರಿ," ಎಂದ.

ಅವಳು ತಲೆ ಆಡಿಸಿ, ಸೆರಗು ಸರಿಪಡಿಸಿಕೊಂಡು, ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಇಳಿದಳು.

ಮಾರ್ತಾಂಡ ತಿರುಗಿ ಬಂದು ಕೈ ಮುರಿದ ಕುರ್ಚಿಯಲ್ಲೇ ಕೂತ. ಮುಂದಿನ ಗುರುವಾರದ ಹುಡುಗನ ಉತ್ತರಗಳು ಬಂದಿದ್ದವು, ಅವನೂ ಯಾವುದೋ ದೀಪದ ಹಬ್ಬ ನೋಡಿದ್ದನಂತೆ. ಕಿಟಕಿಯಿಂದ ಸೋಲಾಪುರದ ರಸ್ತೆಯ ಹಾರ್ನುಗಳು ಒಂದಕ್ಕೊಂದು ಉತ್ತರ ಕೊಡುತ್ತಿದ್ದವು. ಕೆಳಗೆ ಆ ಇಬ್ಬರೂ ರಸ್ತೆ ದಾಟಲು ಕಾಯುತ್ತಿರಬೇಕು. ಎದ್ದು ಕೂಗಿದರೆ ಕೇಳಿಸದಷ್ಟು ದೂರವೇನಲ್ಲ. ಅವನು ಎದ್ದ. ಕಿಟಕಿಯವರೆಗೆ ಹೋದ. ರಸ್ತೆಯ ಆಚೆ ಬದಿಯಲ್ಲಿ ಭೀಮಣ್ಣ ಯಾರೋ ಗುರುತಿನವನನ್ನು ನಿಲ್ಲಿಸಿಕೊಂಡು, ಕರಪತ್ರ ಬಿಚ್ಚಿ ತೋರಿಸುತ್ತಿದ್ದ. ಫೋನು ಗುಂಯ್ ಎಂದಿತು. ಸಪ್ನಾಳ ಧ್ವನಿ, ಈ ಸಲ ಒಂಬತ್ತೇ ಸೆಕೆಂಡು. ಕಿವಿಗೆ ಹಿಡಿದ. ಬೈದಾಳು ಎಂದುಕೊಂಡಿದ್ದ, ಬೈದಿದ್ದರೆ ಎಷ್ಟೋ ಮೇಲಾಗಿತ್ತು. ಬೈಗುಳವಿರಲಿಲ್ಲ, ಅಳುವೂ ಇರಲಿಲ್ಲ, ದಣಿದವರು ಕೆಲಸದ ಮಾತಾಡುವ ದನಿ ಅಷ್ಟೇ.

"ಕಾಕಾ, ಅವತ್ತ ಗಣಪತಿಗೆ ನಾ ಯಾವ ಬಣ್ಣದ ಫ್ರಾಕ್ ಹಾಕ್ಕೊಂಡಿದ್ದೆ? ಅಪ್ಪ ಮುಂದಿನ ಸಲ ಕೇಳಿದ್ರ ತಪ್ಪಬಾರ್ದು."

ಮಾರ್ತಾಂಡ ನಿಂತಲ್ಲೇ ಉತ್ತರ ಬರೆಯಲು ಹೊರಟ. 'ನಾಳೆ ನಾನೇ ಅವರ ಮನೆಗೆ ಹೋಗಿ' ಎಂದು ಬರೆಯತೊಡಗಿ, ಅಳಿಸಿದ. 'ತಪ್ಪು ನನ್ನದು' ಎಂದು ಬರೆದು, ಅದನ್ನೂ ಅಳಿಸಿದ. ಅವಳು ಕೇಳಿದ್ದು ಅದನ್ನಲ್ಲ. ಅವಳು ಕೇಳಿದ್ದಕ್ಕೆ ಉತ್ತರ ಅವನೊಬ್ಬನಿಗೇ ಗೊತ್ತಿತ್ತು, ಜಗತ್ತಿನಲ್ಲಿ ಇನ್ನು ಯಾರಿಗೂ ಗೊತ್ತಿರಲಿಲ್ಲ, ಪ್ರಣೀತಾಳಿಗೂ ಕೂಡ. ಮಗಳ ಆ ಫ್ರಾಕನ್ನು ಹೆಂಡತಿ ಸುಲಭಾ ತಾನೇ ಹೊಲಿದಿದ್ದಳು, ತೋಳಿಗೆ ಬಿಳಿ ಲೇಸು ಹಚ್ಚಿ; ಅವಳಿಗೂ ಈಗ ನೆನಪಿರಲಾರದು.

'ಹಳದಿ' ಎಂದು ಬರೆದು ಕಳಿಸಿದ.

ಸ್ವಲ್ಪ ಹೊತ್ತಿನ ಮೇಲೆ ಆಚೆಯಿಂದ, 'ಸರಿ ಕಾಕಾ' ಎಂದು ಬಂತು.